ಕಲಮು ಓದಿದ ಮಾಸ್ತರ, ಕಾವಿಗೆ ಕುಂತ ಹ್ಯಾಟಿ

ಐವತ್ತು ರೂಪಾಯಿಯ ನೋಟೊಂದನ್ನು ನನ್ನ ಅಂಗಿಯ ಕಿಸೆಗೆ ತುರುಕಿ, "ತಗೋರಿ ಮಾಸ್ತರ್ರ, ದಂಡ ಕಟ್ಟೀನಿ. ಈಗ ಹಾದಿ ಬಿಡ್ರಿ" ಅಂದ ಆ ಮನುಷ್ಯ.

ವಿಜಯಪುರದ ಸಂತೆಯ ಬಾಯಲ್ಲಿ ನಿಂತಿದ್ದ ಅವನ ಬೈಕಿನ ಹ್ಯಾಂಡಲ್ಲಿಗೆ ಆರು ಜವಾರಿ ಕೋಳಿ ಕಾಲು ಕಟ್ಟಿಸಿಕೊಂಡು ತಲೆಕೆಳಗಾಗಿ ಜೋತಾಡುತ್ತಿದ್ದವು. ಮೂವತ್ತು ವರ್ಷ ಹುಡುಗರ ತಪ್ಪು ತಿದ್ದಿದ ಬಾಯಿ ನನ್ನದು, ರಿಟೈರ್ ಆದ ಮಾತ್ರಕ್ಕೆ ಸುಮ್ಮನಿರುತ್ತದೆಯೇ? ಅಡ್ಡ ನಿಂತು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮನ್ನು ಮಗ್ಗಿಯ ಹಾಗೆ ಒಪ್ಪಿಸಿದೆ. ಪ್ರಾಣಿಗೆ ನೋವಾಗುವ ಹಾಗೆ ಹೊತ್ತೊಯ್ಯುವುದು ಅಪರಾಧ. ಅವನು ಶಾಂತವಾಗಿ ಕೇಳಿ, "ದಂಡ ಎಷ್ಟೈತ್ರಿ?" ಅಂದ. ಸುಳ್ಳು ಹೇಳಿ ಅಭ್ಯಾಸವಿಲ್ಲ. ಮೊದಲ ಸಲಕ್ಕೆ ಹತ್ತರಿಂದ ಐವತ್ತು ರೂಪಾಯಿ ಅಂದೆ. 1960ರಲ್ಲಿ ಅದು ದೊಡ್ಡ ಮೊತ್ತವೇ. ಆ ಅಂಕಿ ಕೂತಲ್ಲೇ ಕೂತಿದೆ, ಕೋಳಿಯ ರೇಟು ಮಾತ್ರ ಹಾರಿದೆ.

ನೋಟು ವಾಪಸು ಕೊಡಹೋದೆ. "ಅಷ್ಟು ಕರುಣಾ ಇದ್ರ ನೀವ ಒಯ್ಯಿರಲಾ" ಅಂದ. ಸುತ್ತ ಜನ ಸೇರಿಬಿಟ್ಟಿತ್ತು, ಅದರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದರು. ಅವನು ಹೇಳಿದ ರೇಟಿಗೇ ಐದು ಹ್ಯಾಟಿ, ಒಂದು ಹುಂಜ ಕೊಂಡೆ. ದುಡ್ಡು ಎಣಿಸಿಕೊಳ್ಳುವಾಗ ಅವನು ತನ್ನ ಐವತ್ತನ್ನೂ ಮರೆಯದೆ ಮುರಿದುಕೊಂಡ.

ಇನ್ನು ನಮ್ಮೂರು ಇಟ್ಟಂಗಿಹಾಳಕ್ಕೆ ಒಯ್ಯಬೇಕು. ಅದಕ್ಕೂ ನಿಯಮವಿದೆ, 1978ರ ಪ್ರಾಣಿ ಸಾಗಣೆ ನಿಯಮ. ಅದರ ಪ್ರಕಾರ ಹುಂಜ ಮತ್ತು ಹ್ಯಾಟಿಗಳನ್ನು ಒಂದೇ ಬುಟ್ಟಿಯಲ್ಲಿ ಒಯ್ಯುವಂತಿಲ್ಲ, ರಸ್ತೆ ಪ್ರಯಾಣದಲ್ಲಿ ಬುಟ್ಟಿಯ ಮೇಲೆ ಬುಟ್ಟಿ ಹೇರುವಂತಿಲ್ಲ, ಬಿಸಿಲುಗಾಲದಲ್ಲಿ ಆರು ತಾಸಿಗೊಮ್ಮೆ ನೀರು ಕೊಡಬೇಕು. ಎರಡು ಬುಟ್ಟಿ ಕೊಂಡು ಟಂಟಂ ಹತ್ತಿದೆ. ಹ್ಯಾಟಿಗಳದು ಒಂದು ಸೀಟು, ಹುಂಜನದು ಒಂದು ಸೀಟು, ನಾನು ನಡುವೆ. ಡ್ರೈವರ್ ಮೂರು ಸೀಟಿನ ದುಡ್ಡು ಕೇಳಿದ. ಎದುರಿಗೆ ಕೂತ ಹೆಣ್ಣುಮಗಳು, "ಯಾಕ್ರೀ ಅಣ್ಣಾರ, ಅವಕ್ಕ ಜಗಳಾ ಆಗೇತೇನು?" ಅಂತ ವಿಚಾರಿಸಿದಳು. ಕಾನೂನು ಅಂದೆ. "ಮನಶ್ಯಾರಿಗೂ ಮಾಡಿದ್ರ ಛಲೋ ಇತ್ತು" ಅಂತ ಗಂಡನ ಕಡೆ ನೋಡಿದಳು. ಹುಂಜ ಅಷ್ಟರಲ್ಲಿ ಕೂಗಿತು. ಗೋಳಗುಮ್ಮಟದಲ್ಲಿ ಒಂದು ಕೂಗು ಏಳು ಸಲ ಕೇಳುತ್ತದಂತೆ, ಟಂಟಮ್ಮಿನ ತಗಡಿನಡಿ ಊರು ಮುಟ್ಟುವವರೆಗೂ ಕೇಳಿತು.

ಮನೆಯ ಕಟ್ಟೆ ಹತ್ತುವ ಮೊದಲೇ ಬಾಜೂ ಮನೆಯ ಆಯಿ, "ಸಂತಿ ಕೋಳಿ ಅದಾವು, ನಮ್ಮೂ ಸನೇಕ ಬಿಡಬ್ಯಾಡ್ರಿ. ಹದಿನೈದು ದಿನ ಬ್ಯಾರೆ ಇಡ್ರಿ" ಅಂದಳು. ನಾನು ಪುಸ್ತಕ ಹುಡುಕಿ ಪ್ರತ್ಯೇಕವಾಸ ಎಂಬ ಶಬ್ದವನ್ನು ಆಕೆಗೆ ತೋರಿಸುವಷ್ಟರಲ್ಲಿ ಆಕೆ ತನ್ನ ಕೋಳಿಗಳನ್ನು ಒಳಗೆ ಹೊಡೆದುಕೊಂಡು ಅಗಳಿ ಹಾಕಿಯಾಗಿತ್ತು.

ಗೂಡು ಕಟ್ಟುವ ಮೊದಲು 2023ರ ಮೊಟ್ಟೆ ಕೋಳಿಗಳ ನಿಯಮವನ್ನು ಪ್ರಿಂಟ್ ತೆಗೆಸಿಕೊಂಡು ಬಂದೆ. ಪಂಜರದ ಫಾರಮ್ಮಿನಲ್ಲಿ ಒಂದು ಕೋಳಿಗೆ ಕಡಿಮೆಯೆಂದರೂ 550 ಚದರ ಸೆಂಟಿಮೀಟರ್ ಜಾಗ ಬೇಕು. ಎಷ್ಟಾಗುತ್ತದೆ ಅಂತ ಸ್ಕೇಲು ಹಿಡಿದು ಅಳೆದರೆ, ಕೈಯಲ್ಲಿದ್ದ ಎ-ಫೋರ್ ಹಾಳೆಯೇ 620 ದಾಟಿತು! ಕೋಳಿಗೆ ಕಾನೂನು ಕೊಟ್ಟ ಜಾಗ, ಆ ಕಾನೂನು ಅಚ್ಚಾದ ಹಾಳೆಗಿಂತ ಸಣ್ಣದು. ನಂಬಿಕೆಯಾಗದೆ ಬೂದು ಹ್ಯಾಟಿಯನ್ನು ಹಾಳೆಯ ಮೇಲೆ ನಿಲ್ಲಿಸಿದೆ. ಬಾಲ ಹೊರಗೆ, ಕೊಕ್ಕು ಹೊರಗೆ. ರೆಕ್ಕೆ ಬಿಚ್ಚಿದಾಗ ಹಾಳೆಯೇ ಕಾಣಲಿಲ್ಲ. ಒಂದು ಸುತ್ತು ತಿರುಗಿ, ನನ್ನ ಮುಖ ನೋಡಿ, ಎರಡನೇ ಪುಟದ ಮೇಲೆ ತನ್ನ ಅಭಿಪ್ರಾಯ ಬಿಟ್ಟು ಇಳಿಯಿತು. ಇದಕ್ಕಿಂತ ಸಣ್ಣ ಜಾಗದಲ್ಲಿ ಎಷ್ಟು ಕೋಳಿ ಆಯುಷ್ಯ ಕಳೆದಿದ್ದಾವೋ ಅನ್ನಿಸಿ ನಗು ನಿಂತಿತು. ಹಿತ್ತಲಲ್ಲಿ ಓಡಾಡುವ ನನ್ನ ಆರಕ್ಕೆ ಆ ನಿಯಮ ಅನ್ವಯವೇ ಆಗುವುದಿಲ್ಲ ಎಂದು ತಿಳಿದಾಗ ಗೂಡು ಕಟ್ಟಿ, ಹಾಳೆಗಳನ್ನು ಅದರ ಮೂಲೆಯಲ್ಲೇ ಬಿಟ್ಟು ಬಂದೆ.

ಆಮೇಲೆ ಜೈವಿಕ ಸುರಕ್ಷತೆಯ ಹುಚ್ಚು ಹಿಡಿಯಿತು. ಹಿತ್ತಲ ಬಾಗಿಲಲ್ಲಿ ಪರಾತ ಇಟ್ಟು ಬ್ಲೀಚಿಂಗ್ ಪೌಡರ್ ನೀರು ತುಂಬಿಸಿದೆ. ಯಾರೇ ಬರಲಿ, ಕಾಲು ಅದ್ದಿ ಬರಬೇಕು. ಮೈದುನ ಅದ್ದಿದ, ಹಾಲಿನವ ಅದ್ದಿದ, ಆಯಿ ಅದ್ದಲಿಲ್ಲ, ಬರುವುದನ್ನೇ ಬಿಟ್ಟಳು. ಎಂಟನೇ ದಿನ ಹೆಂಡತಿ ಎರಡು ಮಾತು ಹೇಳಿದಳು. ಒಂದು, ಅದು ತಾನು ರೊಟ್ಟಿ ಹಿಟ್ಟು ನಾದುವ ಪರಾತ. ಎರಡು, "ಎಲ್ಲಾರ ಕಾಲು ಅದ್ದಿಸ್ತೀರಿ, ನೀವು ಸಂತಿಗೆ ಹಾಕ್ಕೊಂಡು ಹೋದ ಚಪ್ಪಲಿ ಮ್ಯಾಲ ಹಿಂದಿನ ಗ್ವಾಡಿ ಜಿಗಿದು ಗೂಡಿಗೆ ಹೋಗ್ತೀರಲ್ಲ, ಆ ಕಡಿ ಯಾವ ಕಲಮು ಐತಿ?"

ಲಸಿಕೆಯ ಕಥೆ ಇನ್ನೂ ಇದೆ. ಕೊಕ್ಕರೆ ರೋಗ, ಅಂದರೆ ಉತ್ತರಾಖಂಡದ ರಾಣಿಖೇತ ಊರಿನ ಹೆಸರು ಹೊತ್ತ ರೋಗ, ಬಂತೆಂದರೆ ಕೋಳಿಯ ಕತ್ತು ತಿರುಚಿ ಹಿಂಡು ಹಿಂಡೇ ಹೋಗುತ್ತದೆ. ಅದರ ಲಸೋಟ ಲಸಿಕೆ ಕಣ್ಣಿಗೆ ಒಂದು ಹನಿ ಸಾಕು. ಸಿಕ್ಕ ಸೀಸೆ ಮಾತ್ರ ನೂರು ಡೋಸಿನದು, ನನ್ನ ಹತ್ತಿರ ಆರು ಕೋಳಿ. ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಬರ್ಫ ತುಂಬಿದ ಥರ್ಮಾಸು ಹಿಡಿದು ಓಣಿ ಓಣಿ ತಿರುಗಿ, "ಕೋಳಿ ಅದಾವೇನ್ರೀ?" ಅಂತ ಕೇಳಿದೆ. ಜನ ಕೊಳ್ಳಲು ಬಂದೆನೆಂದು ರೇಟು ಹೇಳಿದರು. ಕೊನೆಗೆ ನಲವತ್ತಕ್ಕೆ ಹಾಕಿದೆ. ಮನೆಗೆ ಬಂದು ನಮ್ಮ ಹುಂಜನ ಕಣ್ಣಿಗೆ ಹನಿ ಬಿಡುವಾಗ ಅದು ತಲೆ ಕೊಡವಿತು. ಹನಿ ನೇರ ನನ್ನ ಬಲಗಣ್ಣಿಗೆ.

ಮರುದಿನ ಕಣ್ಣು ದಾಳಿಂಬರಿ ಕಾಳು. ಕಪ್ಪು ಕನ್ನಡಕ ಏರಿಸಿದೆ. ಅದರ ಮರುದಿನವೇ ಬೂದು ಹ್ಯಾಟಿ ಮೂಲೆ ಹಿಡಿಯಿತು. ಮೇವಿಲ್ಲ, ನೀರಿಲ್ಲ, ಮೈಪುಕ್ಕ ಉಬ್ಬಿಸಿಕೊಂಡು ಕೂತಿದೆ, ಹತ್ತಿರ ಹೋದರೆ ಗುರ್ ಅನ್ನುತ್ತದೆ. ಎದೆ ಧಸಕ್ ಅಂತು. 2006ರಲ್ಲಿ ಮಹಾರಾಷ್ಟ್ರದ ನವಾಪುರ, 2012ರಲ್ಲಿ ನಮ್ಮದೇ ಹೆಸರಘಟ್ಟ, ಎರಡು ಕಡೆಯ ಹಕ್ಕಿಜ್ವರವೂ ಕಣ್ಮುಂದೆ ಬಂತು. 2009ರ ಪ್ರಾಣಿ ರೋಗ ತಡೆ ಕಾಯ್ದೆಯ 4ನೇ ಕಲಮಿನ ಪ್ರಕಾರ ಪಟ್ಟಿಯಲ್ಲಿರುವ ರೋಗದ ಅನುಮಾನ ಬಂದರೆ ಮಾಲೀಕ ಪಂಚಾಯ್ತಿಗೆ ತಿಳಿಸಬೇಕು. "ವಿಷಯ: ಬೂದು ಬಣ್ಣದ ಹ್ಯಾಟಿಯ ಅನುಮಾನಾಸ್ಪದ ಅನಾರೋಗ್ಯದ ಕುರಿತು" ಅಂತ ಎರಡು ಪ್ರತಿ ಬರೆದು, ಮುದ್ರೆ ಹಾಕಿಸಿಕೊಂಡು ಬಂದೆ.

ಬರುವ ದಾರಿಯಲ್ಲಿ ಗಿರಣಿಯ ಕಟ್ಟೆಗೆ ಕೂತು, ಹಕ್ಕಿಜ್ವರ ಖಾತ್ರಿಯಾದರೆ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಕೊಲ್ಲುತ್ತಾರೆ, ಹತ್ತು ಕಿಲೋಮೀಟರ್ ನಿಗಾ ಇಡುತ್ತಾರೆ ಎಂದು ನಾಲ್ಕು ಜನಕ್ಕೆ ತಿಳಿವಳಿಕೆ ಕೊಟ್ಟೆ. ನನ್ನ ಜನ್ಮದಲ್ಲಿ ಇಷ್ಟು ಬೇಗ ನಾಟಿದ ಪಾಠ ಇನ್ನೊಂದಿಲ್ಲ. ಸಂಜೆಯೊಳಗೆ ಅರ್ಧ ಊರು ನಮ್ಮ ಹಿತ್ತಲಲ್ಲಿತ್ತು. "ಒಂದು ಕೋಳಿ ಸಲುವಾಗಿ ಊರ ಕೋಳಿ ಎಲ್ಲಾ ಕೊಲ್ಲಿಸ್ತೀರೇನ್ರೀ?" ಅಂತ ಹೆಂಡತಿಯೇ ಮುಂದೆ. ಗದ್ದಲದಲ್ಲಿ ಕನ್ನಡಕ ಜಾರಿತು. ನನ್ನ ಕಣ್ಣು ಕಂಡವನೊಬ್ಬ, "ಮಾಸ್ತರಗೂ ಹತ್ತೇತ್ರೋ!" ಅಂತ ಕೂಗಿದ. ಹಿತ್ತಲು ಒಂದೇ ಏಟಿಗೆ ಖಾಲಿ. ಮೈದುನ ಮಾತ್ರ ಹೋಗುವಾಗಲೂ ಪರಾತದಲ್ಲಿ ಕಾಲು ಅದ್ದಿ ಓಡಿದ.

ಪಶುವೈದ್ಯರು ಬಂದರು. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು. ಹ್ಯಾಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದರು. ಗೋಡೆಯಾಚೆಯಿಂದ ಆಯಿ, "ಸಾಹೇಬ್ರ, ಅದಕ್ಕೇನೂ ಆಗಿಲ್ರಿ, ಕಾವಿಗೆ ಕುಂತೈತಿ" ಅಂದಳು. ವೈದ್ಯರು ಹ್ಯಾಟಿಯನ್ನು ಮೆಲ್ಲಗೆ ಎತ್ತಿದರು. ಅಡಿಯಲ್ಲಿ ಒಂಬತ್ತು ಮೊಟ್ಟೆ, ಮೊಟ್ಟೆಯಡಿಯಲ್ಲಿ ಒಪ್ಪವಾಗಿ ತುಳಿದು ಗುಂಡಗೆ ಮಾಡಿದ 2023ರ ನಿಯಮಾವಳಿ.

ಆಮೇಲೆ ನನ್ನ ಕನ್ನಡಕ ತೆಗೆಸಿದರು.

"ಮೊನ್ನೆ ಲಸಿಕೆ ಹಾಕಿದ್ರೇನ್ರೀ ಸರ್?"

"ಹೌದ್ರಿ."

"ಇದು ಅದರದ ವೈರಸ್. ಜೀವಂತ ಲಸಿಕೆ ಕಣ್ಣಿಗೆ ಬಿದ್ರ ಹಿಂಗ ಆಗ್ತೈತಿ, ನಾಲ್ಕು ದಿನಕ್ಕ ಇಳಿತೈತಿ." ಒಂದು ಗಳಿಗೆ ತಡೆದು, ನನ್ನ ಅರ್ಜಿಯ ಪ್ರತಿ ಮಡಚಿ ಕಿಸೆಗಿಟ್ಟರು. "ಹಿತ್ತಲದಾಗ ರೋಗ ಐತಿ ಅಂತ ಬರ್ದದ್ದು ಖರೆ ಅದ ರೀ. ಯಾರಿಗೆ ಅನ್ನೂದು ತಪ್ಪೇತಿ."

ಹಾಳೆ ಎಳೆಯಲು ಹೋದೆ. "ಇರ್ಲಿ ಬಿಡ್ರಿ, ತತ್ತಿ ಉಳ್ಳತಾವು" ಅಂದಳು ಆಯಿ. ಇಪ್ಪತ್ತೊಂದನೇ ದಿನಕ್ಕೆ ಏಳು ಮರಿ ಒಡೆದವು. ಮರಿಗಳಿಗೆ ಒಂದು ವಾರದೊಳಗೆ ಮತ್ತದೇ ಲಸೋಟ ಹನಿ, ಮತ್ತದೇ ನೂರು ಡೋಸಿನ ಸೀಸೆ. ಈ ಸಲ ಮರಿ ಹಿಡಿದವಳು ಆಯಿ. ಹನಿ ಬಿಟ್ಟವನು ನಾನೇ, ಮೊಮ್ಮಗನ ಈಜುವ ಕನ್ನಡಕ ಹಾಕಿಕೊಂಡು. ರಬ್ಬರಿನ ಪಟ್ಟಿ ಬಿಗಿಯಾಗಿ ಎರಡೂ ಕಿವಿ ಮುಂದಕ್ಕೆ ಬಾಗಿದ್ದವು. ಮರಿಗಳು ಒಂದೂ ತಲೆ ಕೊಡವಲಿಲ್ಲ, ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದವು.