ದಂಡಾಧಿಕಾರಿಯ ಸನ್ನಿಧಿಯಲ್ಲಿ

ಹೆಸರು ಕಾಲಿನದಾದರೂ ಕೈ, ಹೆಗಲು, ತಲೆಗಳಿಂದಲೇ ಹೆಚ್ಚಾಗಿ ಆಡಲ್ಪಡುವ ಅಮೆರಿಕದ ಫುಟ್‌ಬಾಲ್ ಕ್ರೀಡೆಯಲ್ಲಿ, ಅದರ ವೃತ್ತಿಪರ ಪಂದ್ಯಗಳನ್ನು ನಡೆಸುವ ಎನ್‌ಎಫ್‌ಎಲ್ ಸಂಸ್ಥೆಯ ದಂಡಾಧಿಕಾರಿಯೂ ಊನಗೊಂಡ ಮಂಡಿಯ ಆಟಗಾರನೊಬ್ಬನೂ ಹೀಗೆ ಸಂಭಾಷಿಸಿದರೆಂದು ಊಹಿಸುವುದು ಅನುಚಿತವಾಗಲಾರದು.

“ಸ್ವಾಮಿ, 2013ರಲ್ಲಿ ಆಟಗಾರ ಫ್ರಾಂಕ್ ಗೋರ್‌ನ ಕಾಲುಚೀಲ ಕೆಳಗಿಳಿದುದಕ್ಕೆ 10,500 ಡಾಲರು ದಂಡವೆ?”

“ಅಹುದು. ಚೀಲವೇ ನಿಲ್ಲದವನಲ್ಲಿ ಶಿಸ್ತು ನಿಂತೀತೆ?”

“ತಲೆಗೆ ತಲೆ ತಾಗಿದರೆ?”

“ಆಟಗಾರರ ಕ್ಷೇಮವೇ ನಮ್ಮ ಪರಮಧರ್ಮವಾದುದರಿಂದ, ಅದಕ್ಕೆ ಇನ್ನೂ ಅಧಿಕ.”

“ಹಾಗಾದರೆ ಭಾನುವಾರ ಜಜ್ಜಿಸಿಕೊಂಡವರನ್ನು ಗುರುವಾರವೇ ಮತ್ತೆ ಕಣಕ್ಕಿಳಿಸುವುದೂ, ಋತುವೊಂದಕ್ಕೆ ತಂಡಕ್ಕೆ ಹದಿನಾರಿದ್ದ ಪಂದ್ಯಗಳನ್ನು 2021ರಲ್ಲಿ ಹದಿನೇಳು ಮಾಡಿದುದೂ ಯಾವ ಧರ್ಮ?”

“ಅದು ಪ್ರೇಕ್ಷಕಪ್ರಭುವಿನ ಸೇವೆಯಯ್ಯ! ಮೇಲಾಗಿ ನಿಮ್ಮ ಆಟಗಾರರ ಸಂಘವೇ ಒಪ್ಪಿತಲ್ಲ, 1,019 ಮತಗಳಿಂದ.”

“ವಿರುದ್ಧ 959 ಇದ್ದುವು.”

“ಸೋತ ಮತಗಳನ್ನು ಎಣಿಸುವ ಪದ್ಧತಿ ನಮ್ಮಲ್ಲಿಲ್ಲ. ಇನ್ನು ದಂಡದ ಹಣ ಹೋಗುವುದು ಮಾಜಿ ಆಟಗಾರರ ನೆರವಿಗೇ. ನೀನೂ ಬೇಗನೆ ಮಾಜಿಯಾಗುವೆ, ಚಿಂತಿಸಬೇಡ.”

ಸಂಭಾಷಣೆ ನನ್ನ ಕಲ್ಪನೆ. ಆದರೆ 2010ರ ಅಕ್ಟೋಬರಿನಲ್ಲಿ, ಪಿಟ್ಸ್‌ಬರ್ಗ್ ತಂಡದ ಜೇಮ್ಸ್ ಹ್ಯಾರಿಸನ್‌ಗೆ ಯಾವ ಡಿಕ್ಕಿಗಾಗಿ 75,000 ಡಾಲರು ದಂಡ ವಿಧಿಸಲಾಯಿತೋ ಅದೇ ಡಿಕ್ಕಿಯ ಛಾಯಾಚಿತ್ರ ಸಂಸ್ಥೆಯ ಜಾಲತಾಣದಲ್ಲಿ ಮಾರಾಟಕ್ಕಿದ್ದುದು ಕಲ್ಪನೆಯಲ್ಲ. ಸುದ್ದಿಯಾದ ಮೇಲೆ ತೆಗೆದರು.