ಎರಡು ದೋಣಿಯ ಸವಾರಿ

ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ ಎಂದ ಹಿರಿಯರು ಮಾರಿಷಸ್ಸಿನ ಕ್ಯಾಟಮರಾನ್ ನೋಡಿರಲಿಲ್ಲ. ಅಲ್ಲಿ ಎರಡು ಒಡಲುಗಳನ್ನು ದೂರದೂರ ಜೋಡಿಸಿ, ಮೇಲೆ ಅಟ್ಟ ಹಾಕಿ, ಪ್ರವಾಸಿಗರನ್ನು ಧಾರಾಳವಾಗಿ ತುಂಬುತ್ತಾರೆ. ಆ ಅಗಲದಿಂದಲೇ ದೋಣಿ ಹೆಚ್ಚು ವಾಲುವುದಿಲ್ಲ. ಲೋಟದ ಜ್ಯೂಸು ಲೋಟದಲ್ಲೇ ಉಳಿಯುತ್ತದೆ.

ಪೂರ್ವ ಕರಾವಳಿಯಿಂದ ಇಲ್ ಒ ಸೆರ್ ದ್ವೀಪಕ್ಕೆ ಹೊರಟರೆ ಭಾರಿ ಬೇಡಿಕೆ ಮುಂಭಾಗದ ಬಲೆಗೆ. ತೂಕ ಕಡಿಮೆಯಿರಲಿ, ಅಲೆಯ ನೀರು ಸೋರಿಹೋಗಲಿ ಎಂದು ಕಟ್ಟಿದ್ದು. ಜನ ಅದರ ಮೇಲೆ ತಾರಸಿಯ ಹಪ್ಪಳಗಳ ಹಾಗೆ ಹರಡಿಕೊಂಡು, ಒಂದು ಮಗ್ಗುಲು ಕಾದ ಮೇಲೆ ಇನ್ನೊಂದಕ್ಕೆ ಹೊರಳುತ್ತಾರೆ.

ಹಾಯಿ ಬಿಚ್ಚುವುದು ಬಹುಪಾಲು ಫೋಟೋಗೆ, ದುಡಿಯುವುದು ಎಂಜಿನ್. ಹವಳದ ದಿಬ್ಬ ದೊಡ್ಡ ಅಲೆಗಳನ್ನು ಹೊರಗೇ ತಡೆಯುವುದರಿಂದ ಒಳಗಿನ ನೀರು ಸಾಧು. ವಾಂತಿಯ ಮಾತ್ರೆ ನುಂಗಿ ಬಂದವರಿಗೆ ಮಾತ್ರ ದುಡ್ಡು ದಂಡವಾಯಿತೆಂಬ ಕೊರಗು.

ಊಟಕ್ಕೆ ಕೆಂಡದಲ್ಲಿ ಸುಟ್ಟ ಮೀನು, ಕೋಳಿ. ಸಸ್ಯಾಹಾರಿಗಳಿಗೆ ಬ್ರೆಡ್ಡು, ಸಲಾಡು ಮತ್ತು ಸಹಾನುಭೂತಿ. ಆಗ ಯಾರದೋ ವ್ಯಾನಿಟಿ ಬ್ಯಾಗಿನಿಂದ ಚಟ್ನಿಪುಡಿ ಹೊರಬೀಳುತ್ತದೆ. ಮೀನಿನ ತಟ್ಟೆಗಳೂ ಕೈಚಾಚುತ್ತವೆ.

ದ್ವೀಪದಲ್ಲಿ ಗಾಲ್ಫ್ ಆಟಗಾರ ಬರ್ನ್‌ಹಾರ್ಡ್ ಲ್ಯಾಂಗರ್ ವಿನ್ಯಾಸಗೊಳಿಸಿದ 18 ಕುಳಿಗಳ ಗಾಲ್ಫ್ ಮೈದಾನವಿದೆ. ಸಿರಿವಂತರು ಚೆಂಡು ಹುಡುಕುತ್ತಾರೆ, ನಮ್ಮವರು ನೆರಳು.

ಮರಳುವಾಗ ಅಲ್ಲಿನ ಜನಪದ ಸೇಗಾ ಸಂಗೀತ ಶುರು. ಮಂಡಿನೋವೆಂದು ಬೆಳಿಗ್ಗೆ ಏಣಿ ಹತ್ತಲು ಇಬ್ಬರ ಹೆಗಲು ಕೇಳಿದವರೇ ಮೊದಲು ಎದ್ದು ಕುಣಿಯುತ್ತಾರೆ. ನೋವು ಮರುಕಳಿಸುವುದು ದಡದಲ್ಲಿ, ಬ್ಯಾಗು ಎತ್ತುವ ಹೊತ್ತಿಗೆ.