ಕೋಳಿಗೆ ಸೋಯಾ, ಕೂಸಿಗೆ ಚರ್ಚೆ

ಮುಂದಿನ ಜನ್ಮ ಅಂತ ಒಂದಿದ್ದರೆ ಸಾಯಗಾಂವದಲ್ಲಿ ಕೂಸಾಗಿ ಹುಟ್ಟುವುದಕ್ಕಿಂತ ಫಾರಮ್ಮಿನಲ್ಲಿ ಕೋಳಿಯಾಗಿ ಹುಟ್ಟುವುದೇ ಲೇಸು. ಊಟದ ಮಟ್ಟಿಗೆ ಹೇಳುತ್ತಿದ್ದೇನೆ, ಆಯುಷ್ಯದ ಮಾತು ಬೇರೆ.

ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ಈ ಗಡಿ ಸೀಮೆಯಲ್ಲಿ ಮಿರ್ಗದ ಮಳೆ ಬಿತ್ತೆಂದರೆ ಕಣ್ಣು ಹಾಯುವಷ್ಟೂ ಸೋಯಾ, ನಡುನಡುವೆ ತೊಗರಿ. ಹಿಂದೆ ಇದೇ ಎರಿಹೊಲದಲ್ಲಿ ಹೆಸರು, ಉದ್ದು, ಜೋಳ ಬೆಳೆಯುತ್ತಿದ್ದವು. ಎಷ್ಟೇ ಮಾರಿದರೂ ಒಂದೆರಡು ಚೀಲ ಮನೆಯ ಮೂಲೆಯಲ್ಲಿ ಕೂರುತ್ತಿದ್ದವು. ಸೋಯಾ ಹಾಗೆ ಕೂರುವ ಜಾತಿಯಲ್ಲ. ನೂರು ಗ್ರಾಮಿಗೆ ಸುಮಾರು 40 ಗ್ರಾಂ ಪ್ರೋಟೀನು ಹೊತ್ತ ಕಾಳು ಅದು, ಆದರೆ ರೊಟ್ಟಿಗೆ ಬರುವುದಿಲ್ಲ, ಪಲ್ಯಕ್ಕೆ ಒಗ್ಗುವುದಿಲ್ಲ. ರಾಶಿಯಾದ ಸಂಜೆಯೇ ಟೆಂಪೊ ಹತ್ತಿ ಭಾಲ್ಕಿಗೋ ಉದಗೀರಕ್ಕೋ ಲಾತೂರಿಗೋ ಹೊರಟುಬಿಡುತ್ತದೆ.

“ತೊಗರಿನಾದ್ರೂ ಮನಿಗಿ ಎರಡು ಚೀಲ ಇಟ್ಕೋಬಾರದೇನ್ ಕಾಕಾ?” ಎಂದು ಕೇಳಿ ನೋಡಿ.

“ಇಟ್ಕೋತಿದ್ದೆ ತಮ್ಮಾ. ಅಡತಿ ಸಾವಕಾರ ಬೀಜಕ್ಕ ರೊಕ್ಕ ಕೊಟ್ಟಾನ. ಅವಗ ಬಡ್ಡಿ ಬೇಕು, ಬ್ಯಾಳಿ ಅಲ್ಲ.”

2024-25ರಲ್ಲಿ ಸೋಯಾಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 4,892 ರೂಪಾಯಿ. ರಾಶಿಯ ಹೊತ್ತಿಗೆ ಪೇಟೆಯ ದರ ಅದರ ಕೆಳಗೇ ಕಾಲು ಚಾಚಿ ಮಲಗಿತ್ತು. ತೊಗರಿಯದು ಇನ್ನೊಂದು ಪುರಾಣ. ಬೇಳೆ ತುಟ್ಟಿಯಾದರೆ ಶಹರದವರಿಗೆ ತ್ರಾಸು ಎಂದು 2021ರ ಮೇ ತಿಂಗಳಲ್ಲಿ ಆಫ್ರಿಕಾ, ಮ್ಯಾನ್ಮಾರ್ ತೊಗರಿಗೆ ಬಾಗಿಲು ತೆರೆದರು. ಅಗ್ಗವಾದರೆ ಯಾರಿಗೆ ತ್ರಾಸು ಎಂಬ ಫೈಲು ದಿಲ್ಲಿಯಲ್ಲಿ ಯಾವುದೋ ಕಪಾಟಿನ ಹಿಂದೆ ಬಿದ್ದಿರಬೇಕು.

ಇರಲಿ, ಸೋಯಾದ ಹಿಂದೆ ಹೋಗೋಣ. ಮಿಲ್ಲಿನಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲೇ ಪ್ರೋಟೀನೆಲ್ಲ ಇರುವುದು. ಅದು ಕೋಳಿ ಫಾರಮ್ಮಿಗೆ ಹೋಗುತ್ತದೆ. ಕೋಳಿ ತಿಂದು ಮೊಟ್ಟೆಯಿಡುತ್ತದೆ. 2021ರ ಡಿಸೆಂಬರಿನಲ್ಲಿ ಬೀದರ್ ಸೇರಿ ಏಳು ಜಿಲ್ಲೆಗಳ ಶಾಲೆಗಳಿಗೆ ಮೊಟ್ಟೆ ಬಂತು. ನಮ್ಮ ಸೋಯಾ ವೇಷ ಹಾಕಿಕೊಂಡು ತವರಿಗೆ ಬಂದಂತಾಯಿತು! ಆಗಲೇ ನೋಡಿ, ನಾಡಿಗೆ ಧರ್ಮ ನೆನಪಾದದ್ದು. ಕೆಲವು ಮಠಾಧೀಶರು ಬೇಡವೇ ಬೇಡವೆಂದರು. ಟೀವಿಯಲ್ಲಿ ಸಂಜೆ ಸಂಜೆ ಮೊಟ್ಟೆ ಒಡೆಯಿತು. ಕೋಳಿಗೆ ಹಿಂಡಿ ಹಾಕುವಾಗ ಯಾರೂ ಸಭೆ ಕರೆದಿರಲಿಲ್ಲ.

ಶಾಲೆಗೆ ಹೋಗುವಷ್ಟು ಬೆಳೆಯದ ಕೂಸಿಗೆ ಅಂಗನವಾಡಿ ಇದೆ. ಅಲ್ಲಿನ ಪೂರಕ ಆಹಾರಕ್ಕೆ ಕೇಂದ್ರ 2017ರಲ್ಲಿ ಕಟ್ಟಿದ ಲೆಕ್ಕ ಒಂದು ಕೂಸಿಗೆ ದಿನಕ್ಕೆ 8 ರೂಪಾಯಿ. ಅಷ್ಟರಲ್ಲಿ 500 ಕಿಲೊಕ್ಯಾಲರಿ, 12ರಿಂದ 15 ಗ್ರಾಂ ಪ್ರೋಟೀನು ಕೂಡಬೇಕಿತ್ತು. ಆ ಲೆಕ್ಕ ಕಟ್ಟಿದ ಸಾಹೇಬರನ್ನು ಒಂದು ವಾರ ಅದೇ ದುಡ್ಡಿನಲ್ಲಿ ಊಟಕ್ಕೆ ಕೂರಿಸಬೇಕೆಂದು ನನಗೆ ಬಹಳ ದಿನದ ಆಸೆ. ಮನೆಯಲ್ಲಿ ರೇಷನ್ ಅಕ್ಕಿ ಇದೆಯಲ್ಲ ಎನ್ನುತ್ತೀರಿ. ಇದೆ, ಹೊಟ್ಟೆ ತುಂಬುತ್ತದೆ. ಎತ್ತರ ಮಾತ್ರ ಏರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು.

ಕಾಳಿದ್ದೂ ಕೊಳ್ಳುವ ತಾಕತ್ತಿಲ್ಲದೆ ಜನ ಹಸಿಯುತ್ತಾರೆಂದು ಅಮರ್ತ್ಯ ಸೇನ್ 1981ರಲ್ಲೇ ಪುಸ್ತಕ ಬರೆದರು. ಸಾಯಗಾಂವದ ಕಾಕಾ ಅದನ್ನು ಓದಿಲ್ಲ. ಅಡತಿ ಚೀಟಿ ಓದಿದ್ದಾನೆ.

ಸೆಪ್ಟೆಂಬರ್ ಬಂತೆಂದರೆ ಪೋಷಣ ಮಾಸ. ನಮ್ಮ ಕಡೆಯ ಒಂದು ಅಂಗನವಾಡಿಯಲ್ಲಿ ಕಳೆದ ಸಲ ಅಂಗಳದ ತುಂಬ ರಂಗೋಲಿ ಹಾಕಿದ್ದರು. ಹೆಸರುಕಾಳಿನ ಎಲೆ, ತೊಗರಿಬೇಳೆಯ ಹೂವು, ಉದ್ದಿನ ಅಂಚು, ನಡುವೆ ಶೇಂಗಾದಲ್ಲಿ ‘ಸುಪೋಷಿತ ಭಾರತ’. ಸಾಹೇಬರ ಜೀಪು ಇನ್ನೂ ಬಂದಿರಲಿಲ್ಲ. ಮೂರು ವರ್ಷದ ಹುಡುಗಿಯೊಂದು ಕುಕ್ಕರಗಾಲಲ್ಲಿ ಕೂತು, ‘ಭಾ’ದ ಇಳಿಯಿಂದ ಒಂದು ಶೇಂಗಾ ಎತ್ತಿ ಬಾಯಿಗೆ ಹಾಕಿಕೊಂಡಿತು.

“ಏಯ್, ಉಗುಳು! ಫೋಟೊ ಆಗಬೇಕು ಇನ್ನಾ,” ಎಂದು ಟೀಚರ್ ಓಡಿ ಬಂದರು.